ಬಾಗಿಲ ಮೇಲೆ ಬರೆದ ಅಂಕಿ

೨೯ ಜೂನ್ ೨೦೦೦, ಗುರುವಾರ

ಊರಿನ ಮನೆಗಳ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆದಿದ್ದಾರೆ. ಸುದ್ದಿ ತಂದವರು ಹಿಟ್ಟಿನ ಗಿರಣಿಯ ಮಹಾಂತಪ್ಪ. ಅವರು ನಮ್ಮ ಶಾಲೆಯ ಶಿಕ್ಷಣ ಸಮಿತಿಯ ಅಧ್ಯಕ್ಷರೂ ಹೌದು. ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಬಂದರು. ಮೈಮೇಲೆ ಇನ್ನೂ ಹಿಟ್ಟಿತ್ತು.

"ಬಸಯ್ಯ ಸರ, ನನ್ನ ಮನಿಗೆ ಒಂಬತ್ತ ಬರ್ದಾರ. ಎದರಿನ ತಾಯವ್ವನ ಮನಿಗೆ ಐದು. ಇದ್ಯಾವ ಲೆಕ್ಕ ಹೇಳ್ರಿ."

ನನಗೆ ಗೊತ್ತಿಲ್ಲ ಎಂದೆ. ಗೊತ್ತಿರಲೂ ಇಲ್ಲ.

ಕೇಳಿದ್ದನ್ನು ನೋಡದೆ ಬರೆದುಕೊಳ್ಳುವ ರೂಢಿ ನನಗಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಬೋರಿಂಗ್‌ನಿಂದ ಬಸ್ ನಿಲ್ಲುವ ಕಟ್ಟೆಯವರೆಗೆ ನಡೆದು ನೋಡಿದೆ. ಅಂಕಿ ಇರುವುದು ನಿಜ. ಒಂದು ಮನೆಗೆ ಆರು, ಇನ್ನೊಂದಕ್ಕೆ ಐದೂವರೆ. ಕ್ರಮವಿಲ್ಲ. ನಮ್ಮ ಮನೆಯ ಬಾಗಿಲ ಮೇಲೂ ಆರು. ಕೈಬರಹ ಮಕ್ಕಳದು. ಮಹಾಂತಪ್ಪನವರ ಮೊಮ್ಮಗಳು ನಾಗರತ್ನಾ, ನಾಲ್ಕನೆಯ ಇಯತ್ತೆ, ಮುಚ್ಚಿಡದೆ ಒಪ್ಪಿದಳು: "ನಿಲೋಫರ್ ಅಕ್ಕೋರ ಹೇಳ್ಯಾರ್ರಿ. ಆಟ ರೀ ಅದು."

ಸಹಶಿಕ್ಷಕಿ ಕುಮಾರಿ ನಿಲೋಫರ್ ಬೈಲಹೊಂಗಲದವರು. ಎರಡು ವರ್ಷದ ಪರೀಕ್ಷಾವಧಿಯಲ್ಲಿದ್ದಾರೆ, ಕಾಯಂ ಆಗಿಲ್ಲ. ಈ ತಿಂಗಳು ಸವದತ್ತಿಯಲ್ಲಿ ಆಟದ ಮೂಲಕ ಪಾಠ ಎಂಬ ತರಬೇತಿ ಮುಗಿಸಿ ಬಂದರು. ಬರುವಾಗ ಒಂದು ಚೀಲ ಹುಣಸೆಬೀಜ, ಬಾಟಲಿಯ ಮುಚ್ಚಳ, ರಟ್ಟು, ಗಂಟು ಹಾಕಿದ ಹಗ್ಗ ತಂದರು. ಅಂದಿನಿಂದ ಅವರ ಕೊಠಡಿಯಲ್ಲಿ ಗದ್ದಲ. ಕಳೆದ ವಾರ ನನ್ನನ್ನು, "ಸರ, ಊರಾಗ ಒಟ್ಟ ಎಷ್ಟ ಮನಿ ಅದಾವ್ರಿ?" ಎಂದು ಕೇಳಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಈ ಊರಿನವರು ಬಾಗಿಲ ಮೇಲೆ ಅಂಕಿ ನೋಡುತ್ತಿರುವುದು ಇದೇ ಮೊದಲಲ್ಲ. ನವಿಲುತೀರ್ಥದ ಅಣೆಕಟ್ಟು ಕಟ್ಟುವ ಕಾಲಕ್ಕೆ ನಮ್ಮ ಹಳೆಯ ಊರಿನ ಬಾಗಿಲುಗಳ ಮೇಲೂ ಅಂಕಿ ಬಿದ್ದಿತ್ತು, ಕೆಂಪು ಬಣ್ಣದಲ್ಲಿ. ಮೊದಲು ಸರಪಳಿ ಹಿಡಿದವರು ಬಂದು ಅಳೆದರು, ಆಮೇಲೆ ಅಂಕಿ ಬರೆದರು, ಆಮೇಲೆ ನೀರು ಬಂತು. ಈಗಿನ ಊರನ್ನು ಎರೆ ಹೊಲದಲ್ಲಿ ಗೆರೆ ಹೊಡೆದು ಕಟ್ಟಿದ್ದು.

ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲಿ ಕುಳಿತು ಅಂಕಿಯನ್ನೇ ನೋಡುತ್ತಿದ್ದಳು.

"ಎಂದ ಹೊಂಡೋದೋ?" ಎಂದು ಕೇಳಿದಳು.

೩೦ ಜೂನ್, ಶುಕ್ರವಾರ

ಶಿಕ್ಷಕಿಯನ್ನು ಕೊಠಡಿಗೆ ಕರೆದು ವಿಚಾರಿಸಿದೆ. ಅವರು ಹೇಳಿದ್ದು: ಮಕ್ಕಳು ತಮ್ಮ ಮನೆಯ, ನೆರೆಮನೆಯ ಬಾಗಿಲಿನ ಅಗಲವನ್ನು ಗೇಣಿನಿಂದ ಅಳೆದಿದ್ದಾರೆ. ಮರುದಿನ ಇನ್ನೊಬ್ಬ ಹುಡುಗ ಬಂದು ಅದೇ ಬಾಗಿಲನ್ನು ಅಳೆಯಬೇಕು. ಒಬ್ಬನ ಗೇಣಿಗೆ ಐದು ಬಂದದ್ದು ಇನ್ನೊಬ್ಬನಿಗೆ ಆರು ಬರುತ್ತದೆ. ಏಕೆ ಎಂದು ಮಕ್ಕಳು ಜಗಳವಾಡಬೇಕು. ಜಗಳ ಜೋರಾದಾಗ ಮೀಟರ್ ಪಟ್ಟಿ ತೋರಿಸಬೇಕು.

"ಜಗಳ ಹಚ್ಚೂದು ಪಾಠ ಏನ್ರಿ?" ಎಂದೆ.

"ಜಗಳ ಆಡಿದ್ದ ಮರಿಯಂಗಿಲ್ಲಲ್ರಿ ಸರ" ಎಂದು ನಕ್ಕರು. ನಗುವಂಥದ್ದು ಏನಿತ್ತೋ ತಿಳಿಯಲಿಲ್ಲ.

"ಮತ್ತ ಮಹಾಂತಪ್ಪನವರ ಬಾಗಲಕ್ಕ ಒಂಬತ್ತ?"

"ಅವರದು ದೊಡ್ಡ ಬಾಗಲಾ, ನಾಗರತ್ನಾಂದು ಸಣ್ಣ ಕೈ. ಒಂಬತ್ತ ಬರತೈತ್ರಿ."

ವಿವರಣೆ ಸರಿಹೊಂದುತ್ತದೆ. ಇಷ್ಟು ಚೆನ್ನಾಗಿ ಸರಿಹೊಂದುವುದೇ ನನಗೆ ಸಮಾಧಾನ ಕೊಡುತ್ತಿಲ್ಲ. ತಾಲೂಕಿನಲ್ಲಿ ಎಷ್ಟೋ ಊರುಗಳಿವೆ. ಅಳೆಯುವ ಆಟವನ್ನು ನಮ್ಮ ಊರಿಗೇ ಏಕೆ ತಂದರು? ಹೇಳಿಕೊಟ್ಟವರು ಯಾರು? ಹಳೆಯ ಊರಿನ ವಿಷಯ ಅವರಿಗೆ ಗೊತ್ತಿದೆಯೋ ಇಲ್ಲವೋ ಎಂದು ತಿಳಿಯಲು ನಾನಾಗಿ ಏನೂ ಹೇಳಲಿಲ್ಲ. ಮುಖ ನೋಡಿದೆ. ಏನೂ ಕಾಣಲಿಲ್ಲ.

ಅಂಕಿಗಳನ್ನು ಒರೆಸಲು ಆದೇಶಿಸಿದೆ. ಮಕ್ಕಳು ಒದ್ದೆ ಅರಿವೆ ಹಿಡಿದು ಮನೆ ಮನೆಗೆ ಹೋದರು. ಅದರಿಂದ ಕೆಟ್ಟದ್ದೇ ಆಯಿತು. ಬರೆದು ಒರೆಸುತ್ತಿದ್ದಾರೆ ಎಂದರೆ ಮುಚ್ಚಿಡುತ್ತಿದ್ದಾರೆ ಎಂದು ಜನ ಅರ್ಥ ಮಾಡಿಕೊಂಡರು. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಅರ್ಥ ಮಾಡಿಕೊಳ್ಳುತ್ತಿದ್ದೆ.

೧ ಜುಲೈ, ಶನಿವಾರ

ಹಾಜರಿ ಇಳಿದಿದೆ. ನಾಲ್ಕನೆಯ ಇಯತ್ತೆಯ ಹೆಣ್ಣುಮಕ್ಕಳಲ್ಲಿ ಇಬ್ಬರೇ ಬಂದಿದ್ದರು.

ಅವ್ವ ಬಚ್ಚಲ ಒಲೆಯಿಂದ ತಾಮ್ರದ ಹಂಡೆಯನ್ನು ಕೀಳಿಸಿ ಗೋಣಿಚೀಲದಲ್ಲಿ ಕಟ್ಟಿಸಿದ್ದಾಳೆ. ಡಬ್ಬಿಯಲ್ಲಿ ನೀರು ಕಾಯಿಸಿ ಸ್ನಾನ ಮಾಡಿದೆ.

೩ ಜುಲೈ, ಸೋಮವಾರ

ಅಣೆಕಟ್ಟನ್ನು ಎತ್ತರಿಸುತ್ತಾರೆ ಎಂಬ ಸುದ್ದಿ ಊರಲ್ಲಿ ಹರಡಿದೆ. ಹೇಳಿದವರು ಯಾರು ಎಂದು ವಿಚಾರಿಸಿದರೆ ಎಲ್ಲರೂ ಇನ್ನೊಬ್ಬರ ಹೆಸರು ಹೇಳುತ್ತಾರೆ. ಮೇ ತಿಂಗಳಿನಿಂದ ಈಚಿನ ಪತ್ರಿಕೆಗಳನ್ನು ಅಟ್ಟದಿಂದ ಇಳಿಸಿ ಒಂದೊಂದೇ ಪುಟ ನೋಡಿದೆ. ಅಂಥ ವರದಿ ಇಲ್ಲ. ವರದಿ ಇಲ್ಲವೆಂದ ಮಾತ್ರಕ್ಕೆ ವಿಷಯ ಇಲ್ಲ ಎಂದು ಹೇಳಲು ಬರುವುದಿಲ್ಲ.

ಸಂಜೆ ಗಿರಣಿಯಲ್ಲಿ ಜನ ಸೇರಿದ್ದರು. ನನ್ನನ್ನೂ ಕರೆಸಿದರು. ಅಂಕಿಯ ಅರ್ಥದ ಬಗ್ಗೆ ಎರಡು ಅಭಿಪ್ರಾಯಗಳು ಕೇಳಿಬಂದವು. ಸಣ್ಣ ಅಂಕಿಯವರು ಮೊದಲು ಊರು ಬಿಡಬೇಕು ಎಂಬುದು ಒಂದು. ದೊಡ್ಡ ಅಂಕಿಯವರ ಮನೆ ಮೊದಲು ಮುಳುಗುತ್ತದೆ ಎಂಬುದು ಇನ್ನೊಂದು. ಐದು ಬಂದವರು ಮೊದಲನೆಯದನ್ನು ನಂಬಿದ್ದರು, ಮಹಾಂತಪ್ಪ ಎರಡನೆಯದನ್ನು. ಐದೂವರೆಯವನು ಎರಡೂ ಕಡೆ ತಲೆಯಾಡಿಸುತ್ತಿದ್ದ.

"ಗೇಣು ಅಳದಾರ, ಮಕ್ಕಳ ಆಟ" ಎಂದು ನಾನು ಶಿಕ್ಷಕಿಯ ಹೇಳಿಕೆಯನ್ನು ಅವರ ಮುಂದೆ ಇಟ್ಟೆ. ನನ್ನದೇ ಅಭಿಪ್ರಾಯ ಎಂದು ಹೇಳಲಿಲ್ಲ.

"ಮಕ್ಕಳ ಕೈಲೆ ಯಾಕ ಅಳಸ್ತಾರ ಗೊತ್ತೈತೇನ್ರಿ?" ಎಂದರು ಮಹಾಂತಪ್ಪ. "ಸರ್ಕಾರದವ ಟೇಪ್ ಹಿಡ್ಕೊಂಡ ಬಂದ್ರ ನಾವು ಬಡಿಗಿ ತಗೀತೇವಿ. ಮಕ್ಕಳಿಗೆ ಯಾರ ಬಡೀತಾರ? ನನ್ನ ಮೊಮ್ಮಗಳ ಕೈಲೇನ ನನ್ನ ಮನಿ ಅಳಸ್ಯಾರ!"

 ಇಂಥದ್ದೇ ವಿಚಾರ ನನ್ನ ತಲೆಯಲ್ಲೂ ಬಂದು ಹೋಗಿತ್ತು.

ತೀರ್ಮಾನ: ಶಿಕ್ಷಕಿಯನ್ನು ಬೇರೆಡೆಗೆ ಹಾಕಬೇಕೆಂದು ಸವದತ್ತಿಯ ಶಿಕ್ಷಣ ಕಚೇರಿಗೆ ಅರ್ಜಿ ಕೊಡುವುದು. ಅವರು ಇರುವವರೆಗೆ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸದಿರುವುದು. ಕಚೇರಿಯ ಸಾಹೇಬರು ೨೧ರಂದು ತಪಾಸಣೆಗೆ ಬರುವವರಿದ್ದಾರೆ. ಅಷ್ಟರೊಳಗೆ ನಾನೂ ನನ್ನ ಅಭಿಪ್ರಾಯ ತಯಾರು ಮಾಡಿಕೊಳ್ಳಬೇಕು. ಪರೀಕ್ಷಾವಧಿಯಲ್ಲಿ ಹೀಗೆ ಎತ್ತಂಗಡಿಯಾದರೆ ಶಿಕ್ಷಕಿ ಕಾಯಂ ಆಗುವುದು ಕಷ್ಟ. ಅದು ನಿಯಮ, ನಾನು ಮಾಡಿದ್ದಲ್ಲ.

೫ ಜುಲೈ, ಬುಧವಾರ

ಅಭಿಪ್ರಾಯಕ್ಕೆ ಆಧಾರ ಬೇಕು. ಆದ್ದರಿಂದ ಇಂದು ಪಡಸಾಲೆಯಲ್ಲಿ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಶಿಕ್ಷಕಿಯ ಪಾಠ ಗಮನಿಸಿದೆ. ಹೊರಗಿನವರಿಗೆ ನಾನು ಪತ್ರಿಕೆ ಓದುತ್ತಿರುವಂತೆ ಕಾಣಬೇಕಿತ್ತು.

ಆಟದ ಹೆಸರು ಅಕ್ಷರ ಸಂತೆ. ಪ್ರತಿ ಮಗುವಿನ ಕೊರಳಲ್ಲಿ ಒಂದು ರಟ್ಟು, ರಟ್ಟಿನ ಮೇಲೆ ಒಂದು ಅಕ್ಷರ. ಸಂತೆಯಲ್ಲಿ ಕೂಗುವಂತೆ ಕೂಗುತ್ತ ತಿರುಗಿ ಜೊತೆ ಹುಡುಕಬೇಕು. ಪದವಾದವರು ಕೈ ಹಿಡಿದು ಕೆಳಗೆ ಕುಳಿತುಕೊಳ್ಳಬೇಕು.

"ಏ ಮ, ಬಾರಲೇ ಇತ್ತ! ನೀ ಬಂದ್ರ ನಾವು ಮರ ಆಗ್ತೇವಿ."

"ನಾ ಬರಂಗಿಲ್ಲ, ನಾ ಕಮಲ ಆಗಾಂವ ಅದೇನಿ."

"ನಿನ್ನ ಲ ಇವತ್ತ ಸಾಲಿಗೇ ಬಂದಿಲ್ಲ. ಕಮಲ ಹೆಂಗ ಆಗ್ತಿ, ಮಬ್ಬ?"

ಅರ್ಧ ಮಕ್ಕಳು ಮನೆಯಲ್ಲಿರುವುದರಿಂದ ಅಕ್ಷರಗಳು ಕಡಿಮೆ ಬೀಳುತ್ತಿದ್ದವು. ಮೂಲೆಯಲ್ಲಿ ಯಲ್ಲವ್ವ ಎಂಬ ಹುಡುಗಿ ನಿಂತಿದ್ದಳು. ಅವಳ ಪಾಲಿಗೆ ಳ ಬಂದಿತ್ತು. ಅದನ್ನು ಯಾರೂ ಕೇಳುತ್ತಿರಲಿಲ್ಲ. ಈ ಹುಡುಗಿ ಒಂದನೆಯ ಇಯತ್ತೆಯಿಂದ ಹಾಜರಿ ಕೂಗಿದರೂ ಕೈ ಮಾತ್ರ ಎತ್ತುವವಳು. ನಾನೇ ಅವಳನ್ನು ಮೂಕಿ ಎಂದು ತಿಳಿದಿದ್ದೆ. ಇದ್ದಕ್ಕಿದ್ದಂತೆ ಅವಳು ಕೊರಳು ಹರಿಯುವಂತೆ ಕೂಗಿದಳು: "ಕಳಸ! ಕಳಸ ಮಾಡ್ರಿ, ನನ್ನ ತಗೋರಿ!"

ಕ ಇದ್ದ. ಸ ಇರಲಿಲ್ಲ. ಸ ಆಗಬೇಕಾದವಳು ಬಾರದೆ ರಟ್ಟು ಮೇಜಿನ ಮೇಲೆ ಬಿದ್ದಿತ್ತು. ಆಗ ಒಬ್ಬ ಕಿಟಕಿಯತ್ತ ಬೊಟ್ಟು ಮಾಡಿ, "ಹೆಡ್ ಸರ್ ಖಾಲಿ ಕುಂತಾರ್ರಿ ಅಕ್ಕೋರ!" ಎಂದ.

ಮಗು ಅಳುವ ಸ್ಥಿತಿಯಲ್ಲಿದ್ದುದರಿಂದ ಒಳಗೆ ಹೋಗಬೇಕಾಯಿತು. ರಟ್ಟನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದೆ. ಕೆಳಗೆ ಕೂರಬೇಕೆಂಬ ನಿಯಮವಿದ್ದುದರಿಂದ ಕುಳಿತೆ.

ಯಲ್ಲವ್ವ ಮಾತಾಡಿದ್ದು ಸದರಿ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ. ಆದರೂ ದಾಖಲಾಗಿರಲಿ.

೭ ಜುಲೈ, ಶುಕ್ರವಾರ

ಶಿಕ್ಷಕಿಯ ಹೇಳಿಕೆಯನ್ನು ಪರೀಕ್ಷಿಸಿದೆ. ಗೇಣಿಗೆ ತಕ್ಕಂತೆ ಅಂಕಿ ಬದಲಾಗುತ್ತದೆ ಎಂಬುದು ನಿಜವೇ ಎಂದು ತಿಳಿಯಲು ಶಾಲೆ ಬಿಟ್ಟ ಮೇಲೆ ತಾಯವ್ವನ ಬಾಗಿಲನ್ನು ನನ್ನ ಕೈಯಿಂದ ಅಳೆದೆ. ಮಕ್ಕಳಿಗೆ ಐದು, ನನಗೆ ನಾಲ್ಕು. ಹೇಳಿಕೆ ನಿಜ. ಒಂದೇ ಬಾಗಿಲಿನಿಂದ ತೀರ್ಮಾನಕ್ಕೆ ಬರಬಾರದೆಂದು ಮುಂದಿನ ಮನೆಗೂ ಹೋದೆ. ಹಿಂದೆ ನಾಲ್ಕಾರು ಹುಡುಗರು ಸೇರಿದರು. ನನಗಿಂತ ಮೊದಲೇ ಅಳೆದು, "ಸರ, ನಿಮಗೆಷ್ಟ ಬರತೈತಿ ಹೇಳ್ರಿ ನೋಡೋಣು" ಎಂದು ಪಂಥ ಕಟ್ಟಿದರು. ಎರಡು ಸಲ ನಾನು ಹೇಳಿದ್ದು ತಪ್ಪಾಯಿತು. ಮೂರನೆಯ ಸಲ ಸರಿಯಾಯಿತು. ಆಮೇಲೆ ಕತ್ತಲಾಯಿತು.

ತಾಯವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. "ಅಯ್ಯ ನಿನ್ನ, ಮಾಸ್ತರನೂ ಅವರ ಪೈಕಿ ಆದನಲ್ಲ" ಎಂದದ್ದು ನನ್ನ ಕಿವಿಗೆ ಬಿತ್ತು.

ರಾತ್ರಿ ಊಟದ ಹೊತ್ತಿಗೆ ಮಹಾಂತಪ್ಪ ಹೇಳಿ ಕಳಿಸಿದ್ದರು: "ಸರಗೋಳ ಸರ್ಕಾರದವರ ಕೂಡ ಏನರ ಒಳಗಿಂದ ಒಳಗ ಮಾತಾಡ್ಯಾರೇನ ಕೇಳ್ರಿ."

ಮೂವತ್ತು ವರ್ಷದ ನೌಕರಿಯಲ್ಲಿ ಈ ಊರಿನವರು ನನ್ನನ್ನು ಸಂಶಯದಿಂದ ನೋಡಿದ್ದು ಇದೇ ಮೊದಲು. ಅದು ಎಷ್ಟು ಸುಲಭವಾಗಿ ಆಗುತ್ತದೆ ಎಂಬುದನ್ನು ಗಮನಿಸಿದೆ.

೧೦ ಜುಲೈ, ಸೋಮವಾರ

ಶಿಕ್ಷಕಿಯ ತಂದೆ ಬುರಾನಸಾಬ ಬೈಲಹೊಂಗಲದಿಂದ ತಮ್ಮ ಟೆಂಪೊ ತಂದು ಶಾಲೆಯ ಮುಂದೆ ನಿಲ್ಲಿಸಿದ್ದರು. ಮಗಳ ಹಾಸಿಗೆ, ಟ್ರಂಕು ಹೇರಿಕೊಂಡು ಹೋಗಲು ಬಂದಿದ್ದರು. ಬಾಡಿಗೆ ಹೊಡೆಯುವಾಗ ಸವದತ್ತಿಯ ಸ್ಟ್ಯಾಂಡಿನಲ್ಲಿ ಯಾರೋ ಅವರಿಗೆ ಸುದ್ದಿ ಹೇಳಿದ್ದರಂತೆ.

"ಮಾಸ್ತರ ಸಾಬ್, ನನ್ನ ಮಗಳು ಊರ ಮುಳಗಸಾಕ ಬಂದಾಳಂತ. ಮನ್ಯಾಗ ಒಂದ ಬಕೇಟ್ ನೀರ ಚೆಲ್ಲಿದ್ರ ಅಳೋ ಹುಡಿಗಿರಿ ಇದು" ಎಂದರು. ನಗಲಿಲ್ಲ. "ನೌಕರಿ ಹೋದ್ರ ಹೋಗ್ಲಿ. ಜನಾ ಹಿಂಗ ನೋಡೂ ಊರಾಗ ಬಿಡಂಗಿಲ್ಲ."

"ಅಬ್ಬಾ, ನಾ ಏನ ತಪ್ಪ ಮಾಡೇನಿ ಅಂತ ಯಾರೂ ನನಗ ಹೇಳವಲ್ರು. ಅದನ್ನ ತಿಳ್ಕೊಳ್ಳದ ನಾ ಬರಂಗಿಲ್ಲ" ಎಂದು ತಂದೆಗೆ ಹೇಳಿದರು ಶಿಕ್ಷಕಿ. ಇಬ್ಬರೂ ನನ್ನ ಕಡೆ ನೋಡಿದರು.

ಹೇಳಬೇಕಾಯಿತು. ಕೆಂಪು ಅಂಕಿ, ಸರಪಳಿ, ನೀರು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಹೇಳುವಾಗ ಶಿಕ್ಷಕಿಯ ಮುಖವನ್ನೇ ನೋಡುತ್ತಿದ್ದೆ. ಮೊದಲೇ ಗೊತ್ತಿದ್ದವರ ಮುಖವಾಗಿರಲಿಲ್ಲ.  ಆಮೇಲೆ, "ಮೊದಲನೇ ದಿನಾನ ಹೇಳಬೇಕಿತ್ತಲ್ರಿ ಸರ. ನಾ ಬಾಗಲಾ ಬಿಟ್ಟು ಗಿಡಾ ಅಳಸ್ತಿದ್ನಿ" ಎಂದರು.

ಈ ಮಾತು ನ್ಯಾಯವಾದದ್ದು. ಬುರಾನಸಾಬರು ಮಗಳನ್ನು ಬಿಟ್ಟು ಖಾಲಿ ಟೆಂಪೊ ತೆಗೆದುಕೊಂಡು ಹೋದರು. ಹೋಗುವಾಗ, "ಇಪ್ಪತ್ತೊಂದಕ್ಕ ಮತ್ತ ಬರ್ತೇನ್ರಿ. ಅವತ್ತ ಏನ ಆಗತೈತಿ ನೋಡಿ ಕರ್ಕೊಂಡ ಹೋಗ್ತೇನಿ" ಎಂದರು.

೧೨ ಜುಲೈ, ಬುಧವಾರ

ನಾಗರತ್ನಾಳನ್ನು ಮಹಾಂತಪ್ಪ ಮನೆಯಲ್ಲಿ ಕೂರಿಸಿದ್ದಾರೆ. ಆದರೂ ಇಂದು ಹಿತ್ತಲಿನಿಂದ ಬಂದು ಶಾಲೆಯ ಕಿಟಕಿಗೆ ಮುಖ ಹಚ್ಚಿ ನಿಂತಿದ್ದಳು. ಅಜ್ಜ ಗಿರಣಿಯಲ್ಲಿದ್ದಾಗ ಮಾತ್ರ ಬರುತ್ತಾಳಂತೆ. ನನ್ನನ್ನು ಕೇಳಿದಳು: "ಸರ, ನೀರಾಗ ಹೋದ ಊರಾಗ ನಮ್ಮ ಬಾಗಲಾ ಎಷ್ಟ ಗೇಣ ಇತ್ರಿ?"

ಗೊತ್ತಿಲ್ಲ ಎಂದೆ. ನಿಮ್ಮ ಮನೆಯದು ಎಂದಳು. ಅದೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಆ ಬಾಗಿಲಲ್ಲಿ ಹಾಯ್ದವನು ನಾನು.

ಸಂಜೆ ಅವ್ವನನ್ನು ಕೇಳಿದೆ. ಅವಳು ಎರಡು ವಾರದಿಂದ ಸರಿಯಾಗಿ ಮಾತಾಡಿರಲಿಲ್ಲ. ಈಗ ಎದ್ದು ನಿಂತು ಗಾಳಿಯಲ್ಲೇ ಕೈ ಹರಡಿ ಗೇಣು ಹಾಕತೊಡಗಿದಳು. "ಐದು. ಅಲ್ಲ ತಡಿ, ಆ ಚೌಕಟ್ಟು ನಿಮ್ಮಪ್ಪ ಆಮ್ಯಾಗ ಕೂಡಿಸಿದ್ದ. ಐದೂ ಮ್ಯಾಲ ನಾಕ ಬಟ್ಟು. ಒಳಗ ಬಂದ್ರ ಎಡಕ್ಕ ಜ್ವಾಳದ ಹಗೇವು. ಬಲಕ್ಕ ಎತ್ತಿನ ಗ್ವಾದ್ಲಿ. ಗ್ವಾದ್ಲಿ ಬಾಜೂಕ ನೀ ಹುಟ್ಟಿದ್ದು."

ಊಟ ಆರಿತು. ಅವಳು ಅಡಿಗೆಮನೆಯವರೆಗೂ ಬರಲಿಲ್ಲ, ಹಳೆಯ ಮನೆಯ ಪಡಸಾಲೆಯಲ್ಲೇ ಇದ್ದಳು.

ಇದನ್ನು ನಿಲೋಫರ್ ಅವರಿಗೆ ತಿಳಿಸಬಹುದೇ ಎಂದು ವಿಚಾರ ಮಾಡುತ್ತಿದ್ದೇನೆ. ಆಟಕ್ಕೆ ಉಪಯೋಗವಾಗಬಹುದು. ಬಳಸಿಕೊಂಡು ಮತ್ತೇನಾದರೂ ಮಾಡಿದರೆ? ಆದರೆ ಮತ್ತೇನು ಮಾಡಬಹುದು ಎಂದು ಕೇಳಿಕೊಂಡರೆ ಖಚಿತವಾಗಿ ಏನೂ ಹೊಳೆಯುತ್ತಿಲ್ಲ.

೧೫ ಜುಲೈ, ಶನಿವಾರ

ಶಾಲೆಯ ಮೈದಾನದಲ್ಲಿ ಗದ್ದಲವಾಯಿತು. ಪ್ರತ್ಯಕ್ಷದರ್ಶಿ ನಾನೇ.

ನಿನ್ನೆ ನಿಲೋಫರ್ ಅವರಿಗೆ ಹೇಳಿದೆ. ಇಂದು ಬೆಳಿಗ್ಗೆ ಅವರು ಇದ್ದಷ್ಟು ಮಕ್ಕಳನ್ನು ನಮ್ಮ ಮನೆಗೆ ಕಳಿಸಿದರು. ಮಕ್ಕಳು ಅವ್ವನನ್ನು ಕೈ ಹಿಡಿದು ಮೈದಾನಕ್ಕೆ ಕರೆತಂದರು. ಅವಳು ಗೇಣು, ಮೊಳ ಹೇಳುತ್ತ ಹೋದಳು, ಮಕ್ಕಳು ಹಗ್ಗ ಹಿಡಿದರು, ನಿಲೋಫರ್ ಬುಟ್ಟಿಯಿಂದ ಸುಣ್ಣದ ಪುಡಿ ಬಿಟ್ಟು ಗೆರೆ ಎಳೆದರು. ಹಗ್ಗದ ಇನ್ನೊಂದು ತುದಿ ಹಿಡಿಯಲು ಎತ್ತರದವರು ಬೇಕಿತ್ತು. ನಾನು ಹಿಡಿದೆ. ಪಡಸಾಲೆ, ಹಗೇವು, ಗೋದಲಿ, ಅಡಿಗೆಮನೆ ಮಣ್ಣಿನ ಮೇಲೆ ಬಂದವು. ಯಲ್ಲವ್ವ ಗೋದಲಿಯಲ್ಲಿ ನಿಂತು ಎತ್ತಿನಂತೆ ಒದರಿದಳು. ಇತ್ತೀಚೆಗೆ ಅವಳನ್ನು ಸುಮ್ಮನಿರಿಸುವುದೇ ಕಷ್ಟವಾಗಿದೆ.

ತಾಯವ್ವ ಅವ್ವನನ್ನು ಹುಡುಕಿಕೊಂಡು ಬಂದಳು. ಗೆರೆಗಳನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟಳು.

"ಏನ ಪದ್ಮವ್ವ, ನಿನ್ನ ಅಡಿಗಿಮನಿ ನನ್ನ ಹಿತ್ತಲದಾಗ ಬಂದೈತಲ್ಲ?"

"ಬಂದಿದ್ರ ಅಂದ ಯಾಕ ಸುಮ್ಮ ಕುಂತಿದ್ದಿ?"

"ಅಂದ ನಮ್ಮತ್ತಿ ಇದ್ಲು, ಬಾಯಿ ತಗೀಲಾಕ ಕೊಡ್ತಿದ್ದಿಲ್ಲ. ಇಂದ ತಗೀತೇನಿ! ಏ ಹುಡುಗೀ, ಹಗ್ಗಾ ತಾ ಇಲ್ಲಿ."

ತಾಯವ್ವನ ಗೇಣು ಬೇರೆ, ಅವ್ವನ ಗೇಣು ಬೇರೆ. ಇಬ್ಬರ ಗೋಡೆಗಳೂ ಒಂದರ ಮೇಲೊಂದು ಬಿದ್ದವು. ಯಾರ ನೆನಪು ಸರಿ ಎಂದು ಹೇಳುವ ಆಧಾರ ಈಗ ಎಲ್ಲೂ ಇಲ್ಲ. ಮಕ್ಕಳು ಎರಡು ಪಂಗಡವಾಗಿ ಅವರವರ ಅಜ್ಜಿಯ ಪರವಾಗಿ ಕೂಗಿದರು. ಕೂಗು ಕೇಳಿ ಹೊಲಕ್ಕೆ ಹೊರಟವರು ತಿರುಗಿ ಬಂದರು. ಬಂದವರು ಮೊದಲು ದೂರ ನಿಂತರು. ಆಮೇಲೆ ಒಬ್ಬೊಬ್ಬರಾಗಿ, "ಅಲ್ಲಲ್ಲ, ಬಾವಿ ಅಲ್ಲಿರಲಿಲ್ಲ" ಎನ್ನುತ್ತ ಗೆರೆಯೊಳಗೆ ಕಾಲಿಟ್ಟರು. ಮಹಾಂತಪ್ಪನೂ ಬಂದರು. ಬಹಳ ಹೊತ್ತು ಒಂದೇ ಕಡೆ ನಿಂತಿದ್ದರು. ಕೊನೆಗೆ ನಾಗರತ್ನಾಳನ್ನು ಕರೆದು, ತಮ್ಮ ಕಾಲ ಬೆರಳಿನಿಂದ ನೆಲ ಮುಟ್ಟಿ, "ಇಲ್ಲಿಂದ ಸುರು ಮಾಡವಾ. ಇದು ನಮ್ಮ ಕಟ್ಟಿ" ಎಂದರು.

ಮೀಟರ್ ಪಟ್ಟಿಯನ್ನು ನಿಲೋಫರ್ ಮಧ್ಯಾಹ್ನ ಹೊರಗೆ ತೆಗೆದರು. ಜಗಳ ಅಷ್ಟು ಜೋರಾಗುವವರೆಗೆ ಕಾದಿದ್ದರು. ಪಾಠವೆಂದು ಯಾರಿಗೂ ಗೊತ್ತಾಗಲಿಲ್ಲ. ಮಹಾಂತಪ್ಪ ಅವರೇ ಮಕ್ಕಳಿಗೆ ತಿಳಿಸಿ ಹೇಳುತ್ತಿದ್ದರು: "ಆಕೀದು ಸಣ್ಣ ಕೈ, ಈಕೀದು ದೊಡ್ಡ ಕೈ. ಲೆಕ್ಕ ಹೆಂಗ ಕೂಡತೈತಿ?"

ನನ್ನ ಅಂಗಿ, ಧೋತರ ಎಲ್ಲ ಸುಣ್ಣ. ಅಭಿಪ್ರಾಯ ಇನ್ನೂ ತಯಾರಾಗಿಲ್ಲ.

೧೭ ಜುಲೈ, ಸೋಮವಾರ

ಹಾಜರಿ ಬಹುಪಾಲು ತುಂಬಿದೆ. ನಾಗರತ್ನಾ ಮುಂಬಾಗಿಲಿನಿಂದ ಬಂದಳು.

ಎಲ್ಲರೂ ನಂಬಿದ್ದಾರೆ ಎಂದಲ್ಲ. ಹಳೆಯ ಊರಿನ ನಕಾಶೆಯನ್ನೂ ಈಗ ತೆಗೆದುಕೊಂಡರು, ಇನ್ನೇನು ಉಳಿಯಿತು ಎಂದು ಬಸ್ ಕಟ್ಟೆಯಲ್ಲಿ ಇಬ್ಬರು ಆಡಿಕೊಂಡದ್ದು ಕೇಳಿದೆ. ಹಂಡೆ ಚೀಲದಲ್ಲೇ ಇದೆ. ಅವ್ವನನ್ನು ಒತ್ತಾಯಿಸಲಿಲ್ಲ.

ಗಿರಣಿಗೆ ಹೋಗಿ ಅರ್ಜಿಯ ವಿಷಯ ಕೇಳಿದೆ. ಅದು ಆಗಲೇ ಸವದತ್ತಿಗೆ ಹೋಗಿದೆ.

"ಹಿಂದಕ್ಕ ತಗೋರಿ" ಎಂದೆ.

"ಹೆಂಗ ತಗೊಳ್ಳಿ? ಊರ ಮಂದಿ ಹೆಬ್ಬಟ್ಟ ಒತ್ತ್ಯಾರ. ನಾ ಸುಳ್ಳ ಅರ್ಜಿ ಕೊಟ್ಟೆ ಅಂತ ಸಾಹೇಬರ ಮುಂದ ನಿಂತ ಹೇಳ್ಲ್ಯಾ?" ಕೈಯ ಹಿಟ್ಟು ಒರೆಸಿಕೊಂಡು, "ತಪ್ಪ ಯಾರರ ಒಬ್ಬರ ಮ್ಯಾಲ ಬೀಳಬೇಕಲ್ರಿ ಸರ. ಬಿದ್ದ ಮುಗೀಬೇಕು" ಎಂದರು. ನನಗೆ ಚಹಾ ತರಿಸಿದರು. ಎಂದೂ ತರಿಸಿದವರಲ್ಲ. ಏಕೆ ತರಿಸಿದರು ಎಂದು ದಾರಿಯುದ್ದಕ್ಕೂ ವಿಚಾರ ಮಾಡಿದೆ.

೨೧ ಜುಲೈ, ಶುಕ್ರವಾರ

ನಿಲೋಫರ್ ಅವರನ್ನು ವರ್ಗ ಮಾಡುವುದಿಲ್ಲ. ಹೇಳಿದವರು ಸ್ವತಃ ಸಾಹೇಬರು, ಶಾಲೆಯ ಪಡಸಾಲೆಯಲ್ಲಿ, ಮಧ್ಯಾಹ್ನ ಜೀಪು ಹತ್ತುವ ಮೊದಲು.

ವಿವರ: ಸಾಹೇಬರು ಬಂದು ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಅರ್ಜಿಯನ್ನು ಓದಿಸಿದರು. ಮಹಾಂತಪ್ಪ ಮತ್ತು ಸಮಿತಿಯವರು ಒಂದು ಕಡೆ, ನಾನು ಮತ್ತು ನಿಲೋಫರ್ ಇನ್ನೊಂದು ಕಡೆ. ಗೇಟಿನ ಹೊರಗೆ ಬುರಾನಸಾಬರ ಟೆಂಪೊ ನಿಂತಿತ್ತು. ಅವರು ಒಳಗೆ ಬರಲಿಲ್ಲ.

"ಆಟಾ ಆಡಸ್ರಿ ಅಂದೇವಿ, ಖರೆ. ಮಕ್ಕಳನ್ನ ಊರಾಗ ಬಿಟ್ಟು ಬಾಗಲಕ್ಕ ನಂಬರ ಹಾಕಸ್ರಿ ಅಂದಿಲ್ಲ" ಎಂದರು ಸಾಹೇಬರು. "ಮುಳುಗಡಿ ಮಂದಿ ಅವರು. ಇಂಥಾ ಊರಾಗ ಅಳತಿ ಮಾಡಾಕ ಯಾರ ಅಪ್ಪಣಿ ಕೊಟ್ರು?"

ನಿಲೋಫರ್ ಬಾಯಿ ತೆರೆದರು. "ಸರ, ಅದು ನಾನ—"

"ನಾ ಕೊಟ್ಟೇನ್ರಿ" ಎಂದೆ. "ಆಕಿ ಕೇಳಿದ್ಲು, ನಾ ಹೂಂ ಅಂದೆ."

"ಯಾವಾಗ?"

"ಜೂನ್ ಇಪ್ಪತ್ತೆಂಟಕ್ಕ."

"ಲಿಖಿತ ಐತೇನು?"

"ಬಾಯಿ ಮಾತಿಲೆ ರೀ."

ಸಾಹೇಬರು ನನ್ನನ್ನು ನೋಡಿದರು. "ನೀವು ಈ ಊರಿನವರ ಅಲ್ಲೇನ್ರಿ? ಹೊಸಬರಿಗೆ ಗೊತ್ತಿರಂಗಿಲ್ಲ, ನಿಮಗ ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ. ಆದ್ರೂ ಕೊಟ್ಟೆ."

ಮಹಾಂತಪ್ಪ ನನ್ನ ಎದುರಿಗೇ ಇದ್ದರು. ಅಂಕಿ ನೋಡಿದ ದಿನ ನನಗೇನೂ ಗೊತ್ತಿರಲಿಲ್ಲ ಎಂದು ತಿಳಿದಿರುವ, ನಿಲೋಫರ್ ಅವರನ್ನು ಬಿಟ್ಟರೆ, ಅಲ್ಲಿದ್ದ ಒಬ್ಬರೇ ಸಾಕ್ಷಿ ಅವರು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ತಲೆಯ ರುಮಾಲು ತೆಗೆದು ಝಾಡಿಸಿ ಮತ್ತೆ ಸುತ್ತಿಕೊಂಡರು. ಅವರು ಏಕೆ ಸುಮ್ಮನಿದ್ದರು ಎಂಬುದನ್ನು ಇನ್ನೂ ಪತ್ತೆ ಮಾಡಬೇಕಾಗಿದೆ.

ಸಾಹೇಬರು ಅರ್ಜಿಯನ್ನು ಮಡಿಚಿದರು. ಶಿಕ್ಷಕಿ ಮೇಲಿನವರು ಹೇಳಿದಂತೆ ನಡೆದುಕೊಂಡಿದ್ದಾರೆ, ಅವರ ಮೇಲೆ ಕ್ರಮವಿಲ್ಲ, ಮುಖ್ಯೋಪಾಧ್ಯಾಯರು ವಿವರಣೆ ಕೊಡಬೇಕು ಎಂದರು. ಜೀಪಿನ ಹತ್ತಿರ ನನ್ನೊಬ್ಬನಿಗೇ ಕೇಳುವಂತೆ, "ರಾಮದುರ್ಗ ಕಡೆ ಸಾಲಹಳ್ಳಿಯೊಳಗ ಹೆಡ್ ಮಾಸ್ತರ ಜಾಗಾ ಖಾಲಿ ಐತಿ ಬಸಯ್ಯನವರ. ನೋಡೋಣು" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ ಮಾತನ್ನು ನಾನು ಹೆಚ್ಚು ನಂಬುವುದಿಲ್ಲ.

ಸಂಜೆ ನಿಲೋಫರ್ ನನ್ನ ಕೊಠಡಿಗೆ ಬಂದರು. ಕಣ್ಣು ಕೆಂಪಾಗಿತ್ತು.

"ಯಾಕ ಹಂಗ ಹೇಳಿದ್ರಿ ಸರ? ನೀವ ನನಗ ಅಪ್ಪಣಿ ಕೊಟ್ಟಿದ್ದಿಲ್ಲ."

"ಈ ಸಾಲ್ಯಾಗ ಆಗೂದೆಲ್ಲಾ ನನ್ನ ಅಪ್ಪಣಿಲೇನ ಆಗತೈತ್ರಿ. ಕಾಯ್ದೆ ಹಂಗ ಐತಿ" ಎಂದೆ.

"ಹಂಗ ಕಾಯ್ದೆ ಇಲ್ರಿ."

ಇದ್ದರೂ ಇರಬಹುದು, ಪುಸ್ತಕ ನೋಡಬೇಕು. ಅಷ್ಟರಲ್ಲಿ ಗೇಟಿನಲ್ಲಿ ಟೆಂಪೊ ಶುರುವಾದ ಸದ್ದು ಕೇಳಿತು. ಅವರು ಓಡಿದರು. ತಂದೆಯನ್ನು ಕಳಿಸಿ ತಾವೊಬ್ಬರೇ ತಿರುಗಿ ಬಂದರು.

ಸಾಹೇಬರಿಗೆ ನಾನು ಕೊಟ್ಟ ಹೇಳಿಕೆ ಇದೇ ದಿನಚರಿಯ ಜೂನ್ ೨೯ರ ಬರಹಕ್ಕೆ ಹೊಂದುವುದಿಲ್ಲ. ಎರಡನ್ನೂ ತಿದ್ದುವುದಿಲ್ಲ.

೨೨ ಜುಲೈ, ಶನಿವಾರ

ನೋಟೀಸು ಬೆಳಗಿನ ಬಸ್ಸಿನಲ್ಲೇ ಬಂತು. ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ಬೇಗ ಬಂತು ಎಂದೇ ಹೇಳಬೇಕು. ಮೊದಲೇ ಬರೆದಿಟ್ಟಿದ್ದರೋ ಏನೋ.

ಮೂರನೆಯ ಇಯತ್ತೆಗೆ ಹುಣಸೆಬೀಜದ ಭಾಗಾಕಾರ ಹೇಳಿಕೊಟ್ಟೆ. ಬೀಜ ಹಂಚುವಾಗ ಒಬ್ಬ ಎರಡು ಬೀಜ ಬಾಯಲ್ಲಿಟ್ಟುಕೊಂಡು ಶೇಷ ತಪ್ಪಿಸಿದ. ಯಾರೆಂದು ಪತ್ತೆಯಾಗಿಲ್ಲ. ಸೋಮವಾರ ಮತ್ತೆ ಎಣಿಸಲಾಗುವುದು.

ಜುಲೈ ೨೬, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಸವದತ್ತಿಯ ಕಚೇರಿಯಲ್ಲಿ ನನ್ನ ವಿಚಾರಣೆ. ಅಂದು ಶಾಲೆ ಎಂದಿನಂತೆ ನಡೆಯುವುದು. ಪ್ರಭಾರ ನಿಲೋಫರ್ ಅವರದು.